ಗುರುವಾರವಿಲ್ಲದ ಲೆಕ್ಕ

ಚಾಮರಾಜಪೇಟೆಯ ನಾಲ್ಕನೇ ಮೇನಿನಲ್ಲಿ
ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯ ಮೇಲಿನ ಕೋಣೆ.
ರಾತ್ರಿ ಹನ್ನೆರಡೂ ಕಾಲು.
ಅಂಜಿನಪ್ಪನವರ ಹೂವಿನ ಮಂಡಿಯ ಮಷೀನು
ಓಗೊಡುತ್ತಿಲ್ಲ.

ಮಷೀನು ಅಂದೆ. ಮುಟ್ಟಿ ನೋಡಲು ಏನೂ ಇಲ್ಲ.
ಮುಂಬೈಯ ಯಾವುದೋ ತಣ್ಣನೆಯ ಕಟ್ಟಡದಲ್ಲಿ
ಬೇರೆಯವರ ದೊಡ್ಡ ಕಬ್ಬಿಣದೊಳಗೆ
ನಾವು ಬಾಡಿಗೆಗೆ ಹಿಡಿದ ಒಂದು ಮೂಲೆ.
ಅಡ್ವಾನ್ಸ್ ಇಲ್ಲ, ಓನರ್ ಮುಖ ಕಂಡಿಲ್ಲ,
ಗಂಟೆ ಲೆಕ್ಕದ ಬಾಡಿಗೆ ಮಾತ್ರ ಒಂದು ದಿನವೂ ತಪ್ಪಿದ್ದಲ್ಲ.

ಡಿಸ್ಕು ಓದಲಾಗದು ಎಂದಿತು ಪರದೆ.
ಮತ್ತೆ ಕೇಳಿದೆ. ಅದನ್ನೇ ಎಂದಿತು, ಕೋಪವಿಲ್ಲದೆ.
ನವೀದನಿಗೆ ಫೋನು ಮಾಡಿದೆ, ಅವನ ಮಗುವಿಗೆ ಜ್ವರ.
"ಬ್ಯಾಕಪ್ ಯಾವತ್ತಿಂದು?" ಅಂದ, ಪಿಸುದನಿಯಲ್ಲಿ.
"ಬುಧವಾರ ರಾತ್ರಿ ಹನ್ನೊಂದರದ್ದು."
ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು
ಮಗು ಕೆಮ್ಮುವುದನ್ನು ಕೇಳಿಸಿಕೊಂಡೆವು.

ನಾಳೆ ವರಮಹಾಲಕ್ಷ್ಮಿ. ಅಲ್ಲ, ಇವತ್ತೇ.
ನಿನ್ನೆಯೊಂದು ದಿನದ ವ್ಯಾಪಾರ
ಆಷಾಢದ ಇಡೀ ತಿಂಗಳನ್ನು ತೂಗಿ ಮಿಕ್ಕಿದ್ದು.
ಬೆಳಿಗ್ಗೆ ಒಂದು ರೇಟು, ಮಧ್ಯಾಹ್ನ ಒಂದು ರೇಟು,
ಸಂಜೆಗೆ ಕನಕಾಂಬರದ ಬೆಲೆ ಕೇಳುವವರು
ಮೊದಲು ಕೂತುಕೊಂಡು ಆಮೇಲೆ ಕೇಳುತ್ತಿದ್ದರಂತೆ.
ಅಷ್ಟೂ ಉದ್ರಿ. ಅಷ್ಟೂ ಆ ಡಿಸ್ಕಿನಲ್ಲಿ.

ರಿಸ್ಟೋರ್ ಒತ್ತಿದೆ.
ಶೇಕಡ ನಾಲ್ಕು. ನಾಲ್ಕು. ನಾಲ್ಕು.
ಏಳು.
ಒಲೆಯ ಮೇಲಿನ ಹಾಲು ಕಾಯುವವಳ ಹಾಗೆ ಕೂತೆ,
ಕಣ್ಣು ತೆಗೆದರೆ ಉಕ್ಕೀತೆಂದಲ್ಲ,
ತೆಗೆದರೆ ಒಲೆಯೇ ಆರೀತೆಂದು.
ಮೈಸೂರು ರಸ್ತೆಯ ಕಡೆಯಿಂದ
ಹೂವಿನ ಟೆಂಪೋಗಳು ಇಳಿಯುವ ಸದ್ದು.
ಅವುಗಳಲ್ಲಿರುವುದಕ್ಕೆ ಯಾರೂ ಪ್ರತಿ ತೆಗೆದಿಡುವುದಿಲ್ಲ.

ಮೂರೂ ಹತ್ತಕ್ಕೆ ಎದ್ದಿತು.
ಹೆಸರು ಅದೇ, ವಿಳಾಸ ಬೇರೆ.
ಪಾಸ್‌ವರ್ಡ್ ಕೇಳಿತು, ಕೊಟ್ಟೆ, ಗುರುತು ಹಿಡಿಯಿತು.
ತಾನು ಸತ್ತಿದ್ದು ಅದಕ್ಕೆ ಗೊತ್ತಿಲ್ಲ.
ಅದರ ಪುಸ್ತಕದಲ್ಲಿ ಇನ್ನೂ ಬುಧವಾರ ರಾತ್ರಿ,
ಚೆಂಡುಹೂವು ಅರವತ್ತು, ಸುಗಂಧರಾಜ ಇನ್ನೂರು,
ಕಡೆಯ ರಸೀದಿ ಯಾರೋ ಗೋಪಿನಾಥ್ ಡೆಕೊರೇಟರ್ಸ್,
ಮಂಟಪಕ್ಕೆಂದು ಹದಿನೆಂಟು ಕೆ.ಜಿ.
ಅಲ್ಲಿಂದ ಮುಂದೆ ಬಿಳಿ.

ನಾಲ್ಕೂವರೆಗೆ ಮಾರ್ಕೆಟ್ಟಿನ ಮೆಟ್ಟಿಲ ಮೇಲೆ
ಇನ್ನೂರು ಪುಟದ ನೋಟ್‌ಬುಕ್ಕು ಹಿಡಿದು ನಿಂತೆ.
ಅಂಜಿನಪ್ಪನವರು ಬೈಯಲಿಲ್ಲ.
ತಕ್ಕಡಿಯ ಮೇಲಿನ ನೀರು ಒರೆಸಿ
"ಕೇಳಿ ನೋಡು, ಹೇಳೋರು ಹೇಳ್ತಾರೆ" ಅಂದರು.

ಪಿಳ್ಳಮ್ಮ ಕಟ್ಟುತ್ತಿದ್ದ ಮಾಲೆ ಬಿಡಲಿಲ್ಲ,
ಬಾಳೆನಾರು ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದಳು:
"ನಂದು ಎರಡು ಸಾವಿರದ ನಾನೂರು. ಬರ್ಕೊ.
ಕಾಕಡ ಅರ್ಧ ಕೆ.ಜಿ. ಬೇರೆ, ಅದು ಮರ್ತಿದ್ದೆ."
ಸಗಾಯಮೇರಿ ಏಳುನೂರು ಅಂದಳು,
ಅವಳ ಸೊಸೆ ಒಂಬೈನೂರು ಎಂದು ತಿದ್ದಿದಳು,
ಇಬ್ಬರಿಗೂ ಅಲ್ಲೇ ಜಗಳ ಹತ್ತಿತು.
ಬಿಳಿ ಅಂಗಿಯವನೊಬ್ಬ ಗಡ್ಡ ಕೆರೆದುಕೊಳ್ಳುತ್ತ
ಸೇವಂತಿಗೆ ರಾಶಿಯನ್ನು ಬಹಳ ಹೊತ್ತು ನೋಡಿ
"ನಾನು ನಿನ್ನೆ ಬಂದೇ ಇಲ್ವಲ್ಲಾ" ಎಂದ.
ಅವನ ಚಪ್ಪಲಿಗೆ ಎಸಳು ಅಂಟಿತ್ತು.
ಇವತ್ತಿನದೂ ಇರಬಹುದು.
ಬರೆದುಕೊಳ್ಳಲಿಲ್ಲ.

ಏಳು ಗಂಟೆಗೆ ಹನ್ನೊಂದು ಪುಟ.
"ಹೆಂಗೆ ಹೋಯ್ತಮ್ಮ, ಒಂದಿಡೀ ದಿನ?"
ಟೀ ಲೋಟ ಕೊಡುತ್ತ ಕೇಳಿದರು ಅಂಜಿನಪ್ಪ,
ಉತ್ತರ ಬೇಕೆಂದು ಕೇಳಿದ್ದಲ್ಲ.
ಮಷೀನು ಕೆಟ್ಟಿತು ಅನ್ನಬಹುದಿತ್ತು. ಅದು ಸುಳ್ಳೂ ಅಲ್ಲ.

ಲೋಟ ಕೆಳಗಿಟ್ಟೆ. ಸಾಲದವರ ಸಾಲಿನ ಕೊನೆಗೆ
ಇನ್ನೊಂದು ಹೆಸರು ಬರೆದು ಪುಸ್ತಕ ಅವರತ್ತ ತಿರುಗಿಸಿದೆ:
ಉಷಾರಾಣಿ. ಗಂಟೆಗೊಂದು ಬ್ಯಾಕಪ್,
ಬಿಲ್ಲು ಜಾಸ್ತಿ ಎಂದು ನಿಲ್ಲಿಸಿದ್ದು ಜೂನ್ ಒಂಬತ್ತು.
ಉಳಿದದ್ದು ತಿಂಗಳಿಗೆ ಒಂಬೈನೂರ ಅರವತ್ತು ರೂಪಾಯಿ.